ಟರ್ಬೈನಿನ ಶ್ರುತಿ

ನರಸಿಂಹರಾಜಪುರದ ಆ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಎಡಿಟಿಂಗೇ ಮುಖ್ಯ ಕೆಲಸ. ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು ರೆಕಾರ್ಡಿಂಗಿಗೆ ಸಜ್ಜು ಮಾಡಿಟ್ಟಿದ್ದಾರೆ. ನನ್ನ ಮೊದಲ ಎರಡು ಆಲ್ಬಮ್‌ಗಳೂ ಅಲ್ಲೇ ತಯಾರಾದವು. ಮೂರನೆಯದರ ಮೊದಲ ಹಾಡು ಹಾಡಿ ಮುಗಿಸಿದಾಗ ಸ್ಟುಡಿಯೋದ ಮಾಲೀಕರು ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗಿದರು. ಅವರು ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಅವರ ಕಿವಿ ಚುರುಕು.

“ಶ್ರುತಿ ಜಾರ್ತಾ ಇದೆ ಮೇಡಂ,” ಎಂದರು, ರಿಪೋರ್ಟು ಕೈಯಲ್ಲಿ ಹಿಡಿದ ಡಾಕ್ಟರರ ದನಿಯಲ್ಲಿ.

“ಜಾರ್ಬೇಕು,” ಎಂದೆ.

ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಇನ್ನೂ ಒಳ್ಳೆಯ ಉತ್ತರ ಇತ್ತೇ ಎಂಬುದು ನನಗೆ ಈಗಲೂ ಖಚಿತವಿಲ್ಲ.

ಹಿಂದಿನ ಎರಡು ಆಲ್ಬಮ್‌ಗಳಲ್ಲಿ ನಾನು ಹಿಡಿದದ್ದು ಎಲ್ಲರಿಗೂ ಗೊತ್ತಿರುವ ದಾರಿ. ಪದ ನನ್ನದು, ಧಾಟಿ ನನ್ನದು. ಆದರೆ ಜೊತೆಗೆ ಹಾರ್ಮೋನಿಯಂ, ತಬಲಾ, ನಡುನಡುವೆ ಕೊಳಲು, ಎಲ್ಲದರ ಹಿಂದೆ ಕದಲದ ಶ್ರುತಿಪೆಟ್ಟಿಗೆ. ಕೊಪ್ಪದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಹುಡುಗಿಯರು ಆ ಹಾಡುಗಳನ್ನು ವಾರ್ಷಿಕೋತ್ಸವದಲ್ಲಿ ಹಾಡುತ್ತಾರೆ. ಮದುವೆಯ ಆರತಕ್ಷತೆಗಳಲ್ಲಿ ಅವುಗಳಲ್ಲೊಂದು ಕೇಳಿಬಂದರೆ ಪಕ್ಕದವರು ನನ್ನ ಕಡೆ ನೋಡಿ ನಗುತ್ತಾರೆ. ಮೂರನೆಯ ಆಲ್ಬಮ್ಮಿನಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ತಬಲಾ ಇಲ್ಲ. ಇರುವುದು ಒಂದು ಗುಂಯ್‌ಗುಟ್ಟುವಿಕೆ ಮಾತ್ರ. ಹಾಡಿನ ಮಧ್ಯೆ ಅದು ನಿಧಾನವಾಗಿ ತಗ್ಗುತ್ತದೆ, ಕೆಳಗೆ ಕೊಂಚ ತಡೆಯುತ್ತದೆ, ಮತ್ತೆ ಏರುತ್ತದೆ. ಹಾಡುವವಳು ಅದರ ಜೊತೆಗೇ ತಗ್ಗಿ ಅದರ ಜೊತೆಗೇ ಏರಬೇಕು.

ಆ ಸದ್ದು ನೀರಿನ ಟರ್ಬೈನಿನದು, ಅಂಥದ್ದು ಇನ್ನೂ ಓಡುತ್ತಿರುವ ಒಂದು ಮನೆಯಲ್ಲಿ ರೆಕಾರ್ಡ್ ಮಾಡಿ ತಂದದ್ದು. ಕಿಗ್ಗದಿಂದ ಸಿರಿಮನೆಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಮೇಲೆ ಚಿಕ್ಕಮ್ಮನ ಮನೆಯಿತ್ತು. ಲೈನಿನ ಕರೆಂಟು ಅಲ್ಲಿಗೆ ಬಹಳ ವರ್ಷ ಬರಲಿಲ್ಲ. ಚಿಕ್ಕಪ್ಪ ಮೇಲಿನ ಝರಿಯಿಂದ ಪೈಪು ಎಳೆದು, ಹಿತ್ತಿಲಿನ ಕೆಳಗೆ ಒಂದು ಸಣ್ಣ ಟರ್ಬೈನು ಕೂರಿಸಿದ್ದರು. ಮನೆಗೆ ಬೇಕಾದಷ್ಟು ಬೆಳಕು ಅದರಿಂದಲೇ. ಪೈಪಿನ ಬಾಯಿಗೆ ಎಲೆ ಸಿಕ್ಕಿಕೊಂಡರೆ, ಇಲ್ಲವೇ ಅಡುಗೆಮನೆಯಲ್ಲಿ ಯಾರಾದರೂ ಮಿಕ್ಸಿ ಹಾಕಿದರೆ, ಲೈಟುಗಳು ಸಣ್ಣಗಾಗಿ ಕೆಂಪಗಾಗುತ್ತಿದ್ದವು, ಟರ್ಬೈನಿನ ಸದ್ದೂ ತಗ್ಗುತ್ತಿತ್ತು. ನಾನು ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಚಿಕ್ಕಮ್ಮ ಮುಸ್ಸಂಜೆಯಲ್ಲಿ ಕೆಲಸ ಮಾಡುತ್ತ ಹಾಡುತ್ತಿದ್ದಳು. ಅವಳು ಆ ಗುಂಯ್‌ಗುಟ್ಟುವಿಕೆಯನ್ನೇ ಶ್ರುತಿ ಮಾಡಿಕೊಂಡಿದ್ದಳು. ಸದ್ದು ತಗ್ಗಿದರೆ ಅವಳ ಹಾಡೂ ತಗ್ಗುತ್ತಿತ್ತು, ಲೈಟು ದೊಡ್ಡದಾದರೆ ಹಾಡೂ ಮೇಲೇರುತ್ತಿತ್ತು.

ಇದು ನನ್ನ ನೆನಪು. ಎಷ್ಟು ಜನರಿಗೆ ಹೇಳಿದ್ದೇನೆಂದರೆ ಈಗ ಮಾತು ಮೊದಲು ಬರುತ್ತದೆ, ಚಿತ್ರ ಆಮೇಲೆ. ಒಮ್ಮೆ ವೇದಿಕೆಯ ಮೇಲೂ ಹೇಳಿದೆ, ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಿಕ್ಕ ನೆನಪನ್ನು ನಂಬುವುದು ಕಷ್ಟ. ಎಲ್ಲೋ ಓದಿದ್ದನ್ನು ನಾನು ಚಿಕ್ಕಮ್ಮನ ಅಡುಗೆಮನೆಗೆ ತಂದು ಕೂರಿಸಿರಬಹುದು. ಅದಕ್ಕಿಂತ ಚುಚ್ಚುವ ಅನುಮಾನ ಇನ್ನೊಂದಿತ್ತು. ಈಚೆಗೆ ಮೇಲಿನ ಸ್ವರಗಳಲ್ಲಿ ನನ್ನ ದನಿ ಮೊದಲಿನಂತೆ ನಿಲ್ಲುತ್ತಿಲ್ಲ. ನಿಲ್ಲದ ದನಿಗೆ ಹೊಸ ಶೈಲಿಯೆಂಬ ಹೆಸರು ಕೊಟ್ಟು ಬಚಾವಾಗಲು ನೋಡುತ್ತಿದ್ದೇನೆಯೇ? ಈ ಪ್ರಶ್ನೆ ಎದ್ದ ದಿನಗಳಲ್ಲಿ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಕಾಲೇಜು ಬಿಟ್ಟವಳೇ ನರಸಿಂಹರಾಜಪುರದ ಬಸ್ಸು ಹತ್ತುತ್ತಿದ್ದೆ, ಹಾಡಿದ್ದನ್ನೇ ಮತ್ತೆ ಕೇಳುತ್ತಿದ್ದೆ, ಏನನ್ನೂ ತೀರ್ಮಾನಿಸದೆ ಹಿಂತಿರುಗುತ್ತಿದ್ದೆ.

ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಒಂದು ಚರಣವನ್ನು ಚಿಕ್ಕಮ್ಮನಿಂದಲೇ ಹಾಡಿಸಬೇಕು ಅನ್ನಿಸಿದ್ದು ಆಗಲೇ. ಅವಳು ಹಾಡಿದರೆ ಉಳಿದದ್ದೆಲ್ಲ ಸುಳ್ಳಲ್ಲ ಎಂದಾಗುತ್ತದೆ. ಹೀಗೆ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಆದರೆ ಅಂದುಕೊಂಡದ್ದು ಅದೇ.

ಚಿಕ್ಕಮ್ಮ, ಚಿಕ್ಕಪ್ಪ ಈಗ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಮಗ ಸೊಸೆಯ ಜೊತೆ, ರಸ್ತೆಯ ಪಕ್ಕದ ಮನೆಯಲ್ಲಿದ್ದಾರೆ. ಸುತ್ತಲಿನ ಊರುಗಳ ಮದುವೆಗಳಲ್ಲಿ ಧಾರೆಗೆ, ಆರತಿಗೆ, ಹೆಣ್ಣೊಪ್ಪಿಸುವಾಗ ಹಾಡು ಎತ್ತಿಕೊಡುವವಳು ಚಿಕ್ಕಮ್ಮ. ಅವಳು ಎತ್ತಿಕೊಟ್ಟ ಶ್ರುತಿಗೆ ಉಳಿದವರು ಸೇರಿಕೊಳ್ಳುತ್ತಾರೆ. ಹೋದ ವರ್ಷ ಒಂದು ಮದುವೆಯಲ್ಲಿ, ಅವರಿಗೆ ಈಗ ಮೊದಲಿನ ಹಾಗೆ ಶ್ರುತಿ ನಿಲ್ಲುವುದಿಲ್ಲ ಎಂದು ಯಾರೋ ಹಿಂದಿನ ಸಾಲಿನಲ್ಲಿ ಹೇಳಿದ್ದು ಅವಳ ಕಿವಿಗೆ ಬಿತ್ತಂತೆ. ಆಮೇಲಿನ ಕರೆಗಳಿಗೆಲ್ಲ ಅವಳು ಮಂಡಿನೋವಿನ ನೆಪ ಹೇಳುತ್ತಿದ್ದಳು. ಇದನ್ನು ನನಗೆ ಹೇಳಿದ್ದು ಚಿಕ್ಕಪ್ಪ, ಅಂಗಳದಲ್ಲಿ, ಅವಳು ಒಳಗಿದ್ದಾಗ. ಗೊತ್ತಿದ್ದೂ ನಾನು ಒಳಗೆ ಹೋಗಿ ನನ್ನ ನೆನಪನ್ನು ವಿಸ್ತಾರವಾಗಿ ಹೇಳಿದೆ.

ಅವಳು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬೀನ್ಸನ್ನು ಕೆಳಗಿಟ್ಟಳು.

“ನಾನೆಂತಕ್ಕೆ ಜಾರ್ಲಿ? ನಾನೇನು ಡೈನಮೋನಾ?”

“ಜಾರೋದು ಅಂದ್ರೆ ತಪ್ಪು ಅಂತಲ್ಲ ಚಿಕ್ಕಮ್ಮ...”

“ಮತ್ತೆಂತ? ಜಾರಿದ್ದಕ್ಕೆ ಕಾಲೇಜಿನಲ್ಲಿ ಬೇರೆ ಹೆಸರು ಉಂಟಾ?”

ಚಿಕ್ಕಪ್ಪ ಬಾಗಿಲಿಗೆ ಬಂದು ನಿಂತಿದ್ದರು. “ಎಲೆ ತೆಗಿಲಿಕ್ಕೆ ತೋಡಿನ ನೀರಿಗೆ ಇಳೀತಿದ್ದವ ನಾನು ಮಾರಾಯ್ತಿ. ಇವಳು ಒಳಗೆ ಬೆಚ್ಚಗೆ ಹಾಡ್ತಾ ಇರ್ತಿದ್ಲು. ಜಾರಿದ್ರೆ ಜಾರಿದವ ನಾನೇ.”

ಚಿಕ್ಕಮ್ಮ ನಗಲಿಲ್ಲ. ತಾನು ಒಂದು ಸಲವೂ ಹಾಗೆ ಹಾಡಿಲ್ಲ ಎಂದಳು. ಸದ್ದು ತಗ್ಗುತ್ತಿದ್ದದ್ದು ನಿಜ, ಲೈಟು ಸಣ್ಣಗಾಗುತ್ತಿದ್ದದ್ದು ನಿಜ, ಆದರೆ ತನ್ನ ಶ್ರುತಿ ತನ್ನ ಹೊಟ್ಟೆಯಲ್ಲಿತ್ತು, ತೋಡಿನಲ್ಲಲ್ಲ ಎಂದಳು. ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ನನ್ನ ನೆನಪಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಎದ್ದು ಹೊರಡಲು ಚಪ್ಪಲಿ ಮೆಟ್ಟಿದಾಗ ಅವಳೇ ಕರೆದಳು. ಹಾಡುತ್ತೇನೆ, ಆದರೆ ಒಂದು ಷರತ್ತು ಎಂದಳು.

“ನಿನ್ನ ಯಂತ್ರ ಬೇಕಾದ್ರೆ ಜಾರ್ಲಿ, ನಾನು ಜಾರೂದಿಲ್ಲ. ಎಲ್ಲಾದ್ರೂ ಜಾರಿದ ಹಾಗೆ ಕೇಳಿದ್ರೆ ಅದನ್ನು ತೆಗೀಬೇಕು. ಈ ವಯಸ್ಸಿಗೆ ಕೆಟ್ಟ ಹೆಸರು ಬೇಡ ನಂಗೆ.”

ಮಾತು ಕೊಟ್ಟೆ.

ನರಸಿಂಹರಾಜಪುರಕ್ಕೆ ಅವಳನ್ನು ಕರೆದುಕೊಂಡು ಹೋದದ್ದು ಒಂದು ಭಾನುವಾರ. ಅವಳು ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಚರಣವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಹೆಡ್‌ಫೋನ್ ಹಾಕುವಾಗ ತುರುಬಿಗೆ ತಾಗುತ್ತದೆಂದು ಹೂವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಟರ್ಬೈನಿನ ಸದ್ದು ಶುರುವಾದಾಗ ಅವಳ ಮುಖದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡಿದೆ. ಏನೂ ಕಾಣಲಿಲ್ಲ.

ಅವಳು ಹಾಡಿದಳು. ಸದ್ದು ತಗ್ಗಿತು, ಅವಳು ತಗ್ಗಲಿಲ್ಲ. ತನ್ನ ಶ್ರುತಿಯನ್ನು ಹಿಡಿದು ಹಾಗೇ ನಿಂತಳು. ಕೆಳಗೆ ಎಲ್ಲ ಅಲ್ಲಾಡುತ್ತಿರುವಾಗ ಅವಳೊಬ್ಬಳೇ ಅಲ್ಲಾಡದೆ ಇದ್ದದ್ದು ನಾನು ಬರೆದ ಹಾಡಿಗಿಂತ ದೊಡ್ಡದಾಗಿತ್ತು. ಚರಣದ ಕೊನೆಯ ಸಾಲಿಗೆ ಬಂದಾಗ ಸದ್ದು ಎರಡನೆಯ ಸಲ ತಗ್ಗಿತು. ಆಗ ಅವಳ ದನಿಯೂ ಅದರೊಂದಿಗೆ ಇಳಿಯಿತು. ಆಯಾಸದಿಂದ ಬಿದ್ದ ದನಿಯಲ್ಲ ಅದು. ಕತ್ತಲಲ್ಲಿ ಗೊತ್ತಿರುವ ಮೆಟ್ಟಿಲು ಇಳಿಯುವವರ ಹಾಗೆ, ಅವಸರವಿಲ್ಲದೆ, ಅರ್ಧ ಸಾಲಿನಷ್ಟು ಕೆಳಗಿಳಿದು, ಅಲ್ಲೇ ನಿಂತಿತು.

ಹೆಡ್‌ಫೋನ್ ತೆಗೆದಿಟ್ಟು ಹೂವು ಮುಡಿದುಕೊಂಡು, ಎಲ್ಲಾದರೂ ಕಾಫಿ ಸಿಗುತ್ತದೆಯೇ ಎಂದು ಕೇಳಿದಳು. ಅವಳಿಗೆ ಗೊತ್ತಾಗಿರಲಿಲ್ಲ ಎಂದೇ ನಾನು ತಿಳಿದೆ.

ಅವಳು ಹೊರಗೆ ಹೋದ ಮೇಲೆ ಸ್ಟುಡಿಯೋದವರು ನನ್ನ ಮುಖ ನೋಡಿದರು. ಕಂಪ್ಯೂಟರಿನಲ್ಲಿ ಅಷ್ಟು ಜಾಗದ ಶ್ರುತಿಯನ್ನು ಮೇಲೆತ್ತಿ ಕೂರಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಮುಟ್ಟಬೇಡಿ ಎಂದೆ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ನಾನು ಮಾತು ಕೊಟ್ಟಿದ್ದೆ. ಆದರೆ ಇಡೀ ಆಲ್ಬಮ್ಮಿನಲ್ಲಿ ನನ್ನನ್ನು ನಂಬಿಸಿದ್ದು ಆ ಅರ್ಧ ಸಾಲು ಮಾತ್ರ. ಪಾಠದ ನಡುವೆ ಅದು ಕಿವಿಯಲ್ಲಿ ಕೇಳುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ ಕೇಳುತ್ತಿತ್ತು. ಒಮ್ಮೆ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಅದನ್ನೇ ಹಾಕಿಕೊಂಡು ಕೂತಿದ್ದೆ. ಡ್ರೈವರ್ ಗೇರು ಬದಲಿಸಿದ ಕಡೆ ಅದು ಜಾರಿದಂತೆಯೂ ಕೇಳಿತು, ಜಾರದಂತೆಯೂ ಕೇಳಿತು. ಬೇಕಾದ್ದನ್ನು ಕೇಳಿಸಿಕೊಳ್ಳುವ ಕಿವಿ ನನ್ನದು. ಅವಳಿಗೆ ಹೇಳದೆ ಹಾಗೇ ಬಿಡುಗಡೆ ಮಾಡಿದರೆ ಏನಾಗುತ್ತದೆ ಎಂದೂ ಯೋಚಿಸಿದೆ. ಅವಳು ಮೊಬೈಲಿನಲ್ಲಿ ಹಾಡು ಹುಡುಕುವವಳಲ್ಲ. ಆದರೆ ಮದುವೆಯ ಹಿಂದಿನ ಸಾಲಿನವರು ಹುಡುಕುತ್ತಾರೆ.

ಕೊನೆಗೆ ಮೆಣಸೆಯಲ್ಲಿ ಇಳಿದು, ಅವಳ ಪಕ್ಕದಲ್ಲಿ ಕೂತು, ಮೊಬೈಲು ನಡುವೆ ಇಟ್ಟು ಹಾಡು ಹಾಕಿದೆ. ಏನು ಹುಡುಕಬೇಕೆಂದು ಹೇಳಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು. ಆ ಜಾಗ ಬಂತು, ಹೋಯಿತು. ಹಾಡು ಮುಗಿದರೂ ಕಣ್ಣು ತೆರೆಯಲಿಲ್ಲ.

“ಇದು ಜಾರಿದ್ದಲ್ಲ,” ಎಂದಳು. “ಲೈಟು ಸಣ್ಣ ಆಯ್ತು, ಅಷ್ಟೆ.”

ನನಗೆ ಅಲ್ಲೇ ಎದ್ದು ಓಡಾಡಬೇಕೆನಿಸಿತು. ಹಾಗಾದರೆ ನನ್ನ ನೆನಪು ನಿಜವಲ್ಲವೇ, ಹೀಗೇ ಹಾಡುತ್ತಿದ್ದೆಯಲ್ಲವೇ, ಇದನ್ನು ಇರಲು ಬಿಡಬಹುದಲ್ಲವೇ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಅವಳು ಮೊದಲ ಎರಡಕ್ಕೆ ಉತ್ತರ ಕೊಡಲಿಲ್ಲ.

“ತೆಗಿ,” ಎಂದಳು. “ನಿನ್ನ ಹಾಡು ಕೇಳೋರ ಮನೇಲಿ ಆ ಲೈಟು ಇಲ್ಲ ಕೂಸೆ. ಅವ್ರಿಗೆ ಇದು ಜಾರಿದ್ದೇ. ಮುದುಕಿಗೆ ಶ್ರುತಿ ಹೋಯ್ತು ಅಂತಾರೆ, ನಿಂಗೆ ಶೈಲಿ ಅಂತಾರೆ.”

ವಾದ ಮಾಡಲು ಬಾಯಿ ತೆರೆದೆ. ಸಂಗೀತದ ಬಗ್ಗೆ ಹೇಳಲು ನನ್ನ ಬಳಿ ಬಹಳ ಇತ್ತು. ಅವಳ ಕೊನೆಯ ಮಾತು ನೆನೆದು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನವೇ ತೆಗೆಸಿದೆ. ಎತ್ತಿ ಕೂರಿಸಲು ಬಿಡಲಿಲ್ಲ, ಅರ್ಧ ಸಾಲನ್ನು ಪೂರ್ತಿ ಕತ್ತರಿಸಲು ಹೇಳಿದೆ. ಈಗ ಆ ಜಾಗದಲ್ಲಿ ಅವಳ ದನಿ ನಿಲ್ಲುತ್ತದೆ, ಟರ್ಬೈನು ಒಂದೇ ಕೆಳಗಿಳಿಯುತ್ತದೆ. ಆಲ್ಬಮ್ ಹೊರಬಂತು. ಮೊಬೈಲಿನ ಸ್ಪೀಕರ್ ಹಾಳಾಗಿದೆಯೆಂದು ಸಹೋದ್ಯೋಗಿಯೊಬ್ಬರು ಹಾಡನ್ನು ಅರ್ಧಕ್ಕೇ ನಿಲ್ಲಿಸಿದರಂತೆ. ಕಾಲೇಜಿನ ಹುಡುಗಿಯರು ವಾರ್ಷಿಕೋತ್ಸವಕ್ಕೆ ಹಳೆಯ ಹಾಡನ್ನೇ ಆರಿಸಿಕೊಂಡರು. ಒಬ್ಬಳು ಮಾತ್ರ ಕಾರಿಡಾರಿನಲ್ಲಿ ನಿಲ್ಲಿಸಿ, ಕೊನೆಯ ಹಾಡಿನಲ್ಲಿ ಹಾಡಿದ್ದು ಯಾರು, ಅವರು ಮುಂದೆ ಯಾಕೆ ಹಾಡಲಿಲ್ಲ ಎಂದು ಕೇಳಿದಳು. ನನ್ನ ಚಿಕ್ಕಮ್ಮ ಎಂದೆ. ಎರಡನೆಯದಕ್ಕೆ ಗಂಟೆ ಹೊಡೆಯಿತು ಎಂಬಂತೆ ನಡೆದುಬಿಟ್ಟೆ.

ಮೊನ್ನೆ ಮೆಣಸೆಗೆ ಹೋದಾಗ ಮುಗಿದ ಹಾಡನ್ನು ಅವಳಿಗೆ ಕೇಳಿಸಿದೆ. ಮೊಬೈಲನ್ನು ಚಿಕ್ಕಪ್ಪನ ಹಳೆಯ ಸ್ಪೀಕರಿಗೆ ಜೋಡಿಸಿದ್ದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಸೊಪ್ಪು ಹೆಚ್ಚುತ್ತಿದ್ದಳು. ಕಿಗ್ಗದಲ್ಲಿ ಮುಂದಿನ ವಾರ ಮದುವೆ ಇದೆ, ಹೋಗುತ್ತೇನೆ ಎಂದು ಆಗಷ್ಟೇ ಹೇಳಿದ್ದಳು. ಅವಳ ಚರಣ ಬಂತು. ದನಿ ನಿಂತ ಕಡೆ ನಿಂತಿತು. ಟರ್ಬೈನು ಇಳಿಯತೊಡಗಿತು. ಆಗ ಅಡುಗೆಮನೆಯಿಂದ, ಈಳಿಗೆಯ ಸದ್ದಿನ ಜೊತೆ, ಕತ್ತರಿಸಿದ ಆ ಅರ್ಧ ಸಾಲು ಕೇಳಿಸಿತು. ಬಾಯಿ ತೆರೆದು ಹಾಡಿದ್ದಲ್ಲ, ಮೂಗಿನಲ್ಲೇ. ಸದ್ದು ಇಳಿದಷ್ಟೇ ಇಳಿಯಿತು, ಅದರ ಜೊತೆಗೇ ಮೇಲೆ ಬಂತು.

ಮೊಬೈಲು ನನ್ನ ಮಡಿಲಲ್ಲೇ ಇತ್ತು. ರೆಕಾರ್ಡ್ ಮಾಡಲಿಲ್ಲ. ಹಾಗಾಗಿ ಇದಕ್ಕೆ ನನ್ನ ನೆನಪೊಂದೇ ಸಾಕ್ಷಿ, ಅದನ್ನು ಎಷ್ಟು ನಂಬಬಹುದೆಂದು ಆಗಲೇ ಹೇಳಿದ್ದೇನೆ. ಚಿಕ್ಕಪ್ಪನನ್ನು ಕೇಳಿದರೆ, ಅವರು ಆ ಹೊತ್ತಿಗೆ ಅಂಗಳದಲ್ಲಿದ್ದರಂತೆ.