ಮುನಿಯಪ್ಪ ಮೇಸ್ತ್ರಿಯ ಕೈ

ಆ ಕಾರಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಸುಟ್ಟವನು ನಾನು. ಮುನಿಯಪ್ಪ ಮೇಸ್ತ್ರಿಯಲ್ಲ. ಈ ಒಂದು ಮಾತು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ಅದೂ ಕೇಳಬೇಕಾದವರು ತೀರಿಕೊಂಡ ಮೇಲೆ.

ಎಂಬತ್ತರ ದಶಕದ ನಡುವಿನ ಮದ್ರಾಸು. ಡಿಪ್ಲೊಮಾ ಮುಗಿಸಿದ ನಾನು ಎಗ್ಮೋರಿನ ಒಂದು ವರ್ಕ್‌ಶಾಪಿನಲ್ಲಿ ಕಾರುಗಳ ವೈರಿಂಗ್ ಕೆಲಸಕ್ಕಿದ್ದೆ. ಮೇಸ್ತ್ರಿ ನನ್ನ ಗುರು. ಹೊಸೂರು ಕಡೆಯ ಕನ್ನಡದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಂತಿಯಲ್ಲಿ ಕರೆಂಟ್ ಇದೆಯೇ ಎಂದು ತಿಳಿಯಲು ಅವರಿಗೆ ಮೀಟರ್ ಬೇಕಿರಲಿಲ್ಲ. ತಂತಿಯ ತುದಿಯನ್ನು ಕಾರಿನ ಕಬ್ಬಿಣಕ್ಕೆ ಒಮ್ಮೆ ಸವರಿ ಕಿಡಿ ನೋಡುತ್ತಿದ್ದರು. ಕಿಡಿ ನೋಡಿಯೇ ದೋಷ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದರು. ಆಗಿನ ಮೇಸ್ತ್ರಿಗಳೆಲ್ಲ ಮಾಡುತ್ತಿದ್ದುದು ಹಾಗೆಯೇ. ನನಗೂ ಅವರು ಕಲಿಸಿದ್ದು ಅದನ್ನೇ.

ಒಂದು ದಿನ ಟಿ. ನಗರದ ಜವಳಿ ವ್ಯಾಪಾರಿಯೊಬ್ಬರ ಕಾರು ಬಂತು. ಹೊರದೇಶದಿಂದ ತರಿಸಿದ್ದು. ಓಡುತ್ತ ಓಡುತ್ತ ಸುಮ್ಮನೆ ನಿಂತುಬಿಡುತ್ತಿತ್ತು. ಅದರ ಡ್ಯಾಶ್‌ಬೋರ್ಡಿನ ಕೆಳಗೊಂದು ಪೆಟ್ಟಿಗೆ — ಎಂಜಿನ್ ಎಷ್ಟು ಕಾದಿದೆ, ಗಾಳಿ ಎಷ್ಟು ಒಳಗೆ ಹೋಗುತ್ತಿದೆ, ಎಲ್ಲ ಸುದ್ದಿಯೂ ತಂತಿಗಳ ಮೂಲಕ ಅದಕ್ಕೆ ಮುಟ್ಟಬೇಕು. ಅದು ಹೇಳಿದಷ್ಟೇ ಪೆಟ್ರೋಲು ಎಂಜಿನ್ನಿಗೆ. ಅಂಥದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಬಲ್ಲವನು ನಾನೊಬ್ಬನೇ. ಆ ದಿನ ನನ್ನನ್ನು ಹಿಡಿಯುವವರಿರಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ಒಂದು ತಂತಿ ಬಿಚ್ಚಿ ಕಬ್ಬಿಣದ ಹತ್ತಿರ ಒಯ್ದರು. ನಾನು ಎಲ್ಲರೆದುರು ಕಿರುಚಿದೆ. ಕಿಡಿ ಹಾರಿಸಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ ಎಂದು ಪುಸ್ತಕ ತೆರೆದು ಓದಿ ಹೇಳಿದೆ. ತಂತಿ ತಾಗಿರಲಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗವಿತ್ತು — ನಾನು ಕಣ್ಣಾರೆ ಕಂಡಿದ್ದೇನೆ. ಮೇಸ್ತ್ರಿ ಪೆಚ್ಚಾಗಿ ನಕ್ಕು ಕೈ ಹಿಂದಕ್ಕೆ ತೆಗೆದರು.

"ಸರಿಪ್ಪಾ, ನೀನು ಓದ್ದೋನು. ಆದ್ರೂ ಬ್ಯಾಟರಿ ಪಕ್ಕದ ಅರ್ತ್ ವಯರು ಒಂದ್ ದಪ ನೋಡು, ಹಸ್ರು ಹಿಡ್ದೈತೆ."

ನಾನು ನೋಡಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಕಾರಿನ ಬಳಿಯೇ ಉಳಿದೆ. ಅವರು ಬರುವುದರೊಳಗೆ ದೋಷ ಹಿಡಿದು ತೋರಿಸಬೇಕೆಂಬ ಹಟ. ಮೀಟರಿನ ಮುಳ್ಳು ಒಂದೊಂದು ಸಲ ಒಂದೊಂದು ಹೇಳುತ್ತಿತ್ತು. ಬೇಸತ್ತು — ಇಲ್ಲ, ಬೇಸರ ಎಂದು ಬರೆದರೆ ಅದೂ ಒಂದು ನೆಪವೇ — ಪೆಟ್ಟಿಗೆಯಿಂದ ಬರುವ ಒಂದು ತಂತಿಯನ್ನು ಬಿಚ್ಚಿ ಕಬ್ಬಿಣಕ್ಕೆ ಸವರಿದೆ. ಪುಸ್ತಕ ಸೀಟಿನ ಮೇಲೆ ಅದೇ ಪುಟಕ್ಕೆ ತೆರೆದುಕೊಂಡಿತ್ತು. ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ತಂತಿಯನ್ನು ಇದ್ದ ಹಾಗೆಯೇ ಸೇರಿಸಿ ನಾನೂ ಊಟಕ್ಕೆ ಹೋದೆ. ಹೊಟ್ಟೆ ತುಂಬ ಉಂಡೆ.

ಸಂಜೆ ಮೇಸ್ತ್ರಿ ಕೀ ತಿರುಗಿಸಿದರೆ ಎಂಜಿನ್ ಹತ್ತಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಒಳಗೆಲ್ಲ ಕರಕಲು. ಆ ದಿನ ಅದುವರೆಗೆ ಯಾರೂ ಕಾರು ಸ್ಟಾರ್ಟ್ ಮಾಡಿರಲಿಲ್ಲ. ಯಾವಾಗ ಸುಟ್ಟಿತೆಂದು ಹೇಳುವವರಿಲ್ಲ. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ತಮ್ಮ ಬಲಗೈ ನೋಡಿಕೊಂಡರು.

"ಬೆಳಿಗ್ಗೆ ತಾಗಿಸ್ಬಿಟ್ನೇನಪ್ಪಾ ರಂಗಾ? ನಂಗೆ ಗ್ಯಾಪ್ಕ ಇಲ್ಲ."

"ತಾಗಿತ್ತು ಮೇಸ್ತ್ರಿ. ನಾನು ಕೂಗೋ ಹೊತ್ತಿಗೆ ತಾಗಿಬಿಟ್ಟಿತ್ತು."

ಅಷ್ಟೇ ನಾನು ಆಡಿದ್ದು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಅದನ್ನೂ ಅನ್ನಲಿಲ್ಲ. ಮೂವತ್ತು ವರ್ಷ ಸಾವಿರಾರು ಸಲ ತಂತಿ ಸವರಿದ ಮನುಷ್ಯನಿಗೆ ಅವತ್ತು ಬೆಳಿಗ್ಗೆ ಸವರಿದೆನೋ ಇಲ್ಲವೋ ಎಂಬ ನೆನಪು ಎಲ್ಲಿಂದ ಬರಬೇಕು? ನಾನು ಹೇಳಿದ್ದನ್ನೇ ಅವರು ನಂಬಿದರು. ನೇರ ಯಜಮಾನರ ಕೋಣೆಗೆ ಹೋಗಿ, "ಎನ್ ಕೈ ದಾನ್, ಮೊದಲಾಳಿ," ಎಂದು ತಮಿಳಿನಲ್ಲಿ ತಪ್ಪೊಪ್ಪಿಕೊಂಡರು — ತಮ್ಮ ಕೈಯದೇ ಕೆಲಸ ಎಂದು.

ಹೊಸ ಪೆಟ್ಟಿಗೆ ಬರಲು ತಿಂಗಳುಗಳೇ ಹಿಡಿದವು. ಅದನ್ನು ಕೂರಿಸಿದ ಮೇಲೂ ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಆಗ ನಾನು ಯಾರಿಗೂ ಹೇಳದೆ ಬ್ಯಾಟರಿ ಪಕ್ಕದ ಅರ್ತ್ ತಂತಿಯ ಹಸಿರು ಕಿಲುಬನ್ನು ಕೆರೆದು ಬಿಗಿ ಮಾಡಿದೆ. ಮತ್ತೆ ನಿಲ್ಲಲಿಲ್ಲ. ಶಹಬ್ಬಾಸ್‌ಗಿರಿ ನನಗೆ ಬಂತು. ಮೇಸ್ತ್ರಿಯೂ ಬೆನ್ನು ತಟ್ಟಿದರು. ಅದು ತಾವು ತೋರಿಸಿದ್ದ ಜಾಗವೆಂದು ಅವರು ಅನ್ನಲಿಲ್ಲ — ಮರೆತಿದ್ದರೋ, ತಮ್ಮ ಮಾತಿನ ಮೇಲೇ ನಂಬಿಕೆ ಹೋಗಿತ್ತೋ...

ಹೋಗಿತ್ತು. ನನಗದು ಗೊತ್ತಿತ್ತು. ಹಳೆಯ ಕಾರಿನ ಹಾರನ್ ರಿಪೇರಿ ಮಾಡಿದರೂ ನನ್ನನ್ನು ಕರೆಯುತ್ತಿದ್ದರು: "ನೀನೊಂದ್ ದಪ ನೋಡಪ್ಪಾ, ನನ್ ಕೈ ನಂಬೋಕಾಗಲ್ಲ." ನಾನು ನೋಡುತ್ತಿದ್ದೆ, ತಲೆಯಾಡಿಸುತ್ತಿದ್ದೆ. ವರ್ಷ ತುಂಬುವುದರೊಳಗೆ ಅವರು ಕೆಲಸ ಬಿಟ್ಟು ಮದ್ರಾಸಿನ ಅಂಚಿನ ಮಣಲಿಯಲ್ಲಿದ್ದ ಮಗಳು ಸರೋಜಳ ಮನೆ ಸೇರಿದರು. ಅವರ ಜಾಗಕ್ಕೆ ನಾನು ಬಂದೆ.

ನನ್ನ ಮದುವೆಗೆ ಕರೆಯಲು ಒಮ್ಮೆ ಅಲ್ಲಿಗೆ ಹೋದೆ. ಸುಡುವ ಬಿಸಿಲು, ಮೇಸ್ತ್ರಿ ಬೆವರೊರೆಸಿಕೊಳ್ಳುತ್ತ ಕೂತಿದ್ದರು. ಎದುರಿಗಿದ್ದ ಟೇಬಲ್ ಫ್ಯಾನು ತಿರುಗುತ್ತಿರಲಿಲ್ಲ. ಪ್ಲಗ್ಗಿನಲ್ಲಿ ಒಂದು ತಂತಿ ಸಡಿಲವಾಗಿತ್ತು, ಅಷ್ಟೇ. ಅಳಿಯ ಶಿಫ್ಟ್ ಮುಗಿಸಿ ಬಂದು ನೋಡಲಿ ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದರಂತೆ. ಎರಡು ನಿಮಿಷದಲ್ಲಿ ಸರಿ ಮಾಡಿದೆ. ಮೇಸ್ತ್ರಿ ನನ್ನ ಕೈ ಹಿಡಿದುಕೊಂಡರು. "ಅವತ್ತು ನನ್ನಿಂದ ನಿಂಗೂ ಕೆಟ್ಟೆಸ್ರು ಬರ್ತಿತ್ತು. ಒಂದ್ ಮಾತೂ ಬಯ್ಲಿಲ್ಲ ನೀನು. ಮನ್ಸಲ್ಲಿ ಇಟ್ಕೋಬೇಡ, ಮನ್ನಿಸ್ಬಿಡಪ್ಪಾ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರು ಯಾರಿಗೂ ಕೊಡಲಾರ.

"ಪರವಾಗಿಲ್ಲ ಬಿಡಿ ಮೇಸ್ತ್ರಿ," ಎಂದೆ. ನನ್ನ ತಪ್ಪಿಗೆ ಅವರನ್ನು ಕ್ಷಮಿಸಿ ಬಂದೆ.

ಸರೋಜ ಈಗಲೂ ಮಣಲಿಯಲ್ಲೇ ಇದ್ದಾಳೆ. ಕೊನೆಗೆ ಆ ಕಾರು ಸರಿ ಮಾಡಿ ಅಪ್ಪನ ಮಾನ ಉಳಿಸಿದವನೆಂದು, ಅಣ್ಣ ಅಣ್ಣ ಎನ್ನುತ್ತ ಹಬ್ಬಕ್ಕೆ ನನ್ನನ್ನು ಮನೆಗೆ ಕರೆಯುತ್ತಾಳೆ. ಈ ಭಾನುವಾರ ಹೋಗುತ್ತೇನೆ. ಅವಳು ಕಾಫಿ ತರಲು ಒಳಗೆ ಹೋಗುವ ಮುಂಚೆಯೇ, ಬಾಗಿಲಲ್ಲಿ ನಿಂತೇ ಹೇಳಬೇಕು. ಒಳಗೆ ಹೋಗಿ ಕೂತೆನೋ, ಮತ್ತೆ ಹೇಳುವುದಿಲ್ಲ — ನನ್ನನ್ನು ನಾನು ಬಲ್ಲೆ.