ಬಿಟ್ಟವರು ಎಲ್ಲಿ ನಿಂತಿದ್ದಾರೆ

ತರ್ಜುಮೆಗೆ ಮಾತು ಹುಡುಕುವಾಗ ದೊಡ್ಡಪ್ಪನ ಬಲಗೈ ಹೆಬ್ಬೆರಳು ನಡುಗುತ್ತಿತ್ತು. ಅದನ್ನು ಕಾಗದದ ಮೇಲೆ ಒತ್ತಿ ಹಿಡಿಯುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದ ನಿಯಮ ಮುಗಿದು ವಿನಾಯಿತಿ ಶುರುವಾಗುವ ಜಾಗದಲ್ಲೇ ಆ ಬೆರಳು ನಿಲ್ಲುತ್ತಿತ್ತು. ಬೆವರಿಗೆ ಅಲ್ಲಿನ ಅಕ್ಷರ ಮಸುಕಾಗುತ್ತಿತ್ತು.

ಅವರು ನಮ್ಮ ತಂದೆಯ ಅಣ್ಣ. ಹರೆಯದಲ್ಲಿ ತರಬೇತಿಗೆಂದು ಸ್ಲೋವಾಕಿಯಾಕ್ಕೆ ಹೋಗಿ, ಕೆಲವು ವರ್ಷ ಇದ್ದು, ಅಲ್ಲಿನ ಸ್ಲೋವಾಕ್ ಭಾಷೆ ಕಲಿತು ಬಂದವರು. ದಾವಣಗೆರೆಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹರಿಹರದ ಒಂದು ಕಾರ್ಖಾನೆಗೆ ಆ ದೇಶದಿಂದ ಯಂತ್ರ ಬಂತು, ಜೊತೆಗೆ ಇಂಗ್ಲಿಷ್ ಬಾರದ ಒಬ್ಬ ಫಿಟ್ಟರ್ ಬಂದ. ಕಾರ್ಖಾನೆಯ ಸುರಕ್ಷತೆಯ ನಿಯಮಗಳನ್ನು ಅವನ ಭಾಷೆಗೆ ತರಲು ದೊಡ್ಡಪ್ಪನನ್ನು ಕರೆಸಿಕೊಂಡರು. ನನ್ನ ಅಣ್ಣ ಆ ಫಿಟ್ಟರಿಗೆ ಹೆಲ್ಪರ್.

ದೊಡ್ಡಪ್ಪ ಅಂಜುಬುರುಕರೆಂದು ಮನೆಯಲ್ಲೆಲ್ಲ ನಗುತ್ತಿದ್ದರು. ಕಾರ್ಖಾನೆಯ ಜೀಪಿನಲ್ಲಿ ಒಬ್ಬರೇ ಹೋಗಲು ಹೆದರಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಎದುರಿಗೆ ಲಾರಿ ಬಂದರೆ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದರು.

‘ಅನ್‌ಲೆಸ್ ಅದರ್‌ವೈಸ್ ಪರ್ಮಿಟೆಡ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಇಂಥ ಮಾತು ಬಂದರೆ ಅವರ ಪೆನ್ನು ನಿಂತುಬಿಡುತ್ತಿತ್ತು. ‘ಓಕ್ರೆಮ್’ ಅಂದರೆ ಸ್ಲೋವಾಕ್ ಭಾಷೆಯಲ್ಲಿ ‘ಹೊರತು’ ಎಂದು ಅವರೇ ನನಗೆ ಹೇಳಿದ್ದರು. ಅಷ್ಟು ಬರೆದು ಮುಂದೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಅನುಮತಿ ಕೊಡುವವರು ಯಾರು, ಆಗ ಅವರು ಎಲ್ಲಿ ನಿಂತಿರುತ್ತಾರೆ ಎಂದು ಕಾರ್ಖಾನೆಯ ಅಧಿಕಾರಿಯನ್ನು ಕೇಳಿ, ಅದನ್ನೂ ಸೇರಿಸಿಯೇ ಬರೆಯುತ್ತಿದ್ದರು.

“ಕಾಗದದಾಗ ಅದಿಲ್ಲಲ್ರಿ ಯಜಮಾನ್ರೆ,” ಎಂದು ಅಧಿಕಾರಿ ನಗುತ್ತಿದ್ದರು. “ನೀವು ತರ್ಜುಮೆ ಮಾಡ್ತೀರೋ, ಪಂಚಾಯ್ತಿ ಮಾಡ್ತೀರೋ?”

ಒಮ್ಮೆ ಜೀಪಿನಲ್ಲಿ ವಾಪಸು ಬರುವಾಗ, ಅದನ್ನೆಲ್ಲ ಯಾಕೆ ಸೇರಿಸುತ್ತೀರಿ ಎಂದು ನಾನೂ ಕೇಳಿದೆ.

“ಸ್ಲೋವಾಕಿಯಾದಾಗ ನನ್ನ ಜೊತಿಗಾರ ಒಬ್ಬ ಗುಂಡಿಗೆ ಇಳಿದ. ಇಳಿಬಾರದಿತ್ತು. ಆದ್ರ ಪರ್ಮಿಷನ್ ಕೊಟ್ಟಿದ್ರು,” ಎಂದರು. “ಕೊಟ್ಟೋರು ಊಟಕ್ಕೆ ಹೋಗಿದ್ರು.”

ಎದುರಿಗೆ ಲಾರಿ ಬಂತು; ಕಂಬಿ ಹಿಡಿದು ಕಣ್ಣು ಮುಚ್ಚಿದರು.

ಯಂತ್ರ ಚಾಲೂ ಮಾಡುವ ದಿನ ದೊಡ್ಡ ಟ್ಯಾಂಕಿನೊಳಗಿನ ವಾಲ್ವ್ ಸಿಕ್ಕಿಹಾಕಿಕೊಂಡಿತು. ಒಳಗಿನ ವಿಷಗಾಳಿಯ ಪರೀಕ್ಷೆ ಆಗದೆ ಯಾರೂ ಟ್ಯಾಂಕಿಗೆ ಇಳಿಯಬಾರದು ಎಂಬುದು ನಿಯಮ. ಪರೀಕ್ಷೆಯ ಮೀಟರ್ ದಾವಣಗೆರೆಗೆ ರಿಪೇರಿಗೆ ಹೋಗಿತ್ತು; ಮಧ್ಯಾಹ್ನ ಬರುವುದಿತ್ತು. ಅಧಿಕಾರಿ ಆಫೀಸಿನ ವರಾಂಡದಿಂದಲೇ ಕೂಗಿದರು: “ತುರ್ತಿದ್ರ ಇಳಿಬೋದು ಅಂತ ಐತೆ. ನಾನು ಬಿಟ್ಟೀನಿ ಅಂತ ಅವನಿಗೆ ಹೇಳ್ರಿ.”

ಫಿಟ್ಟರನ ಜೊತೆ ಇಳಿಯಲು ಅಣ್ಣ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ. “ಚೋ ಪೋವೆದಾಲ್?” ಎಂದ ಫಿಟ್ಟರ್, ಏನಂದರು ಎಂದು. ದೊಡ್ಡಪ್ಪ ಪಕ್ಕದ ಕಂಬಿ ಹಿಡಿದು ವರಾಂಡದ ಕಡೆ ತಿರುಗಿದರು. ಟ್ಯಾಂಕಿನ ಕಪ್ಪು ಬಾಯಿ, ಅದರ ಪಕ್ಕ ಅಣ್ಣನ ಬರಿಗಾಲು.

“ಸಾಹೇಬ್ರೆ, ಬಿಡೋರು ನೀವಲ್ವಾ? ಇಲ್ಲಿ ಬಂದು ನಿಲ್ರಿ. ನೀವು ನಿಂತ್ರ ಹೇಳ್ತೀನಿ.”

“ನಿಮ್ಮನ್ನ ಕರ್ಸಿದ್ದು ಮಾತು ಹೇಳಾಕ, ನನಗೆ ಹುಕುಂ ಮಾಡಾಕಲ್ಲ!”

“ಬ್ಯಾಡಾದ್ರ ಬ್ಯಾಡ ಬಿಡ್ರಿ. ನನಗೆ ಬಾಯಿ ಬರವಲ್ದು.”

ಅಧಿಕಾರಿ ಬೈಯುತ್ತಲೇ ಬಂದರು. ಟ್ಯಾಂಕಿನ ಬಾಯಿಗೆ ಬಗ್ಗಿದವರು ಹಾಗೇ ಹಿಂದೆ ಸರಿದರು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಬಾಯಿ ಒರೆಸಿಕೊಂಡು, “ಮೀಟರ್ ಬರ್ಲಿ,” ಎಂದರು, ಯಾರ ಮುಖವನ್ನೂ ನೋಡದೆ.

ಮಧ್ಯಾಹ್ನ ಮೀಟರಿನ ಕೊಳವೆ ಒಳಗೆ ಇಳಿಬಿಟ್ಟಾಗ ಮುಳ್ಳು ಅಪಾಯದ ಕೆಂಪು ಗೆರೆ ದಾಟಿ ಅಲ್ಲೇ ನಿಂತಿತು. ಅಣ್ಣನಿಗೆ ಸೊಂಟದ ಗಂಟು ಬಿಚ್ಚಲು ಬರಲಿಲ್ಲ. ನಾನೇ ಬಿಚ್ಚಿದೆ.

ಕಾರ್ಖಾನೆಯವರು ದೊಡ್ಡಪ್ಪನನ್ನು ಮತ್ತೆ ಕರೆಸಲಿಲ್ಲ. ಅವರೂ ಅದರ ಮಾತೆತ್ತಲಿಲ್ಲ, ಲಾರಿಗೆ ಹೆದರುವುದನ್ನೂ ಬಿಡಲಿಲ್ಲ. ಮನೆಯಲ್ಲಿ ಅಂಜುಬುರುಕ ಎಂಬ ಮಾತಿಗೆ ಅಮ್ಮ ಮಾತ್ರ ಮುಂದೆಂದೂ ನಗಲಿಲ್ಲ.

ಮರುವರ್ಷ ಕಾರ್ತಿಕದಲ್ಲಿ ಅವರಿಗೆ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಅವರ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗೆ ಅಳುತ್ತ ನಿಂತಿದ್ದ ನನ್ನನ್ನು ನೋಡಿ ನರ್ಸ್ ಒಬ್ಬರು, “ನೀವೊಬ್ರು ಬರ್ರಿ,” ಎಂದರು.

ದೊಡ್ಡಪ್ಪ ಕಣ್ಣು ತೆರೆದು ಗಾಬರಿಯಾದರು. “ಯಾರು ಬಿಟ್ರು ನಿನ್ನ?”

“ಸಿಸ್ಟರ್.”

“ಎಲ್ಲಿ ಅದಾರ?”

“ಇಲ್ಲೇ, ಬಾಗಿಲಾಗ ನಿಂತಾರ.”

ತಲೆಯೆತ್ತಿ ನೋಡಲು ಹೊರಟರು. ನಾನು ಪಕ್ಕಕ್ಕೆ ಸರಿದೆ. ಅವರಿಗೆ ಕಂಡಿತು.

“ಹಂಗಾದ್ರ ಕೂಡ್ರು,” ಎಂದರು.

ನಡುಗುತ್ತಿದ್ದ ಆ ಹೆಬ್ಬೆರಳನ್ನು ನನ್ನ ಅಂಗೈಯಲ್ಲಿ ಒತ್ತಿ ಹಿಡಿದೆ. ಅದರ ನಡುಕ ನಿಲ್ಲುವವರೆಗೂ ಸಿಸ್ಟರ್ ಬಾಗಿಲು ಬಿಟ್ಟು ಕದಲಲಿಲ್ಲ.