ಮಿಂಕಾಳ ಪೀಪಾಯಿ ಮನೆ ಬದಲಿಸಿದ್ದು

ಮಿಂಕಾ ಕಟ್ಟಿದ ಪೆಟ್ಟಿಗೆಯೊಳಗೆ ಇವತ್ತಿನವರೆಗೆ ಒಂದೇ ಒಂದು ಸಾಮಾನು ಒಡೆದಿಲ್ಲ. ಇದು ಮಿಂಕಾಳೇ ಹೇಳಿಕೊಳ್ಳುತ್ತಿದ್ದ ಮಾತಾದರೂ ಡ್ಯಾನ್ಯೂಬ್ ದಂಡೆಯ ಆ ಊರಿನಲ್ಲಿ ಅದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಬಟ್ಟಲು ಬಸಿಗಳನ್ನು ಒಣಹುಲ್ಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ತುಂಬಿ, ಮೊಳೆ ಹೊಡೆಯುವುದು. ಒಮ್ಮೆ ಅವಳ ಪೆಟ್ಟಿಗೆಯೊಂದು ರೈಲಿನಿಂದ ಉರುಳಿ ನದಿಗೆ ಬಿದ್ದು, ತೇಲುತ್ತ ತೇಲುತ್ತ ಕಪ್ಪು ಸಮುದ್ರ ಸೇರಿ, ಅಲ್ಲಿ ಬೆಸ್ತರ ಬಲೆಗೆ ಸಿಕ್ಕಿತಂತೆ. ತೆರೆದು ನೋಡಿದರೆ ಎಪ್ಪತ್ತೆರಡು ಬಟ್ಟಲುಗಳೂ ನೆಟ್ಟಗಿದ್ದವು. ಒಂದರಲ್ಲಿ ಮಾತ್ರ ಮೀನೊಂದು ಸಂಸಾರ ಹೂಡಿತ್ತು. ಅಷ್ಟು ಬೆಚ್ಚಗಿನ ಜಾಗದಿಂದ ಅದನ್ನು ಎಬ್ಬಿಸಲು ಬೆಸ್ತರಿಗೇ ಮನಸ್ಸು ಬರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೂ ಊರಿನಲ್ಲಿ ಯಾರಾದರೂ ಮನೆ ಬದಲಿಸಿದರೆ ಮೊದಲು ಹೇಳಿಕಳಿಸುತ್ತಿದ್ದದ್ದು ಮಿಂಕಾಗೆ. ಹೀಗೆ ಅರ್ಧ ಊರನ್ನು ಕಟ್ಟಿ ಕಳಿಸಿದವಳು ತನ್ನ ಮನೆಯನ್ನು ಮಾತ್ರ ಎಂದೂ ಕಟ್ಟಿರಲಿಲ್ಲ. ಮೂವತ್ತೆಂಟು ವರ್ಷ ಅದೇ ಹಳೆಯ ಕಟ್ಟಡ, ಅದೇ ನಾಲ್ಕನೇ ಮಹಡಿ. ಲಿಫ್ಟು ಇಲ್ಲ. ಅವಳಿಗೆ ಅರವತ್ತೇಳು ತುಂಬಿದ ವರ್ಷ ಗಂಡ ನೈಡೆನನ ಮಂಡಿಗಳು ಮುಷ್ಕರ ಹೂಡಿದವು. ಬ್ರೆಡ್ಡು ತರಲು ಕೆಳಗಿಳಿದನೆಂದರೆ ಅವನು ವಾಪಸು ಹತ್ತಿ ಬರುವಷ್ಟರಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿದಿರುತ್ತಿತ್ತು. ಕೊನೆಗೆ ರೈಲ್ವೆ ನಿಲ್ದಾಣದ ಹತ್ತಿರ, ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಹಳೆಯ ಮನೆ ಕೊಂಡವರು ನವೆಂಬರ್ ಮುಗಿಯುವುದರೊಳಗೆ ಬೀಗದ ಕೈ ಬೇಕೆಂದರು.

ತೊಂದರೆ ಇದ್ದದ್ದು ನವೆಂಬರಿನಲ್ಲಿ. ಆ ತಿಂಗಳು ಆ ಸೀಮೆಯ ಎಲ್ಲರ ಮನೆಯಲ್ಲೂ ಹುಳಿ ಹಿಡಿಸಲೆಂದು ಎಲೆಕೋಸು ಪೀಪಾಯಿಯಲ್ಲಿ ಕೂತಿರುತ್ತದೆ. ಇಡೀ ಇಡೀ ಕೋಸು, ಮೇಲೆ ಉಪ್ಪುನೀರು, ಅದರ ಮೇಲೊಂದು ನದಿಯ ಕಲ್ಲು. ಎರಡು ದಿನಕ್ಕೊಮ್ಮೆ ತಳದ ನೀರನ್ನು ಬಸಿದು ಮತ್ತೆ ಮೇಲಿನಿಂದ ಸುರಿಯಬೇಕು. ಹುಳಿ ಹತ್ತುವ ಹೊತ್ತಿನಲ್ಲಿ ಅದನ್ನು ಜಾಗ ಬದಲಿಸುವುದೆಂದರೆ ಹಸಿ ಬಾಣಂತಿಯನ್ನು ಎತ್ತಿನ ಗಾಡಿಗೆ ಹತ್ತಿಸಿದ ಹಾಗೆ. ಯಾರೂ ಮಾಡುವುದಿಲ್ಲ.

ಮಿಂಕಾ ಮಾಡಲೇಬೇಕಿತ್ತು. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಆ ಕೋಸಿನ ಎಲೆಯಲ್ಲೇ ಅಕ್ಕಿ ಸುತ್ತಿ ಸರ್ಮಿ ಬೇಯಿಸಬೇಕು. ಮಿಂಕಾಳ ಅತ್ತೆ ಸಾಯುವಾಗ ಎಲ್ಲರ ಮುಂದೆ ಹೇಳಿಹೋಗಿದ್ದಳು, ತನ್ನ ಪೀಪಾಯಿ ಯಾರ ಮನೆಯಲ್ಲಿರುತ್ತದೋ ಆ ಸಂಜೆ ಇಡೀ ಕುಟುಂಬ ಅಲ್ಲೇ ಕೂತು ಉಣ್ಣಲಿ ಎಂದು. ಅಂದಿನಿಂದ ಇಪ್ಪತ್ತಾರು ವರ್ಷ ಹನ್ನೊಂದು ಜನ ಮಿಂಕಾಳ ಮೇಜಿಗೇ ಬಂದಿದ್ದರು. ಮಕ್ಕಳಿಲ್ಲದ ಮಿಂಕಾಗೆ ಅದೊಂದು ಸಂಜೆ ವರ್ಷವಿಡೀ ಸಾಲುತ್ತಿತ್ತು.

ಆ ಮೇಜಿನ ಮೇಲೆ ಕಣ್ಣಿಟ್ಟವಳು ನೈಡೆನನ ತಂಗಿ ಗಾನಾ. ಗಾನಾಗೆ ದೊಡ್ಡ ಮನೆಯಿತ್ತು, ದೊಡ್ಡ ಮೇಜಿತ್ತು, ಅವೆರಡಕ್ಕಿಂತ ದೊಡ್ಡ ಗಂಟಲಿತ್ತು. ಅವಳು ಕೆಮ್ಮಿದರೆ ನದಿಯಾಚೆ ರುಮೇನಿಯಾದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮನೆ ಬದಲಿಸುವ ಸುದ್ದಿ ಕೇಳಿದ ದಿನವೇ ಮೆಟ್ಟಿಲು ಹತ್ತಿ ಬಂದು, ಪೆಟ್ಟಿಗೆಗಳ ನಡುವೆ ಕೂತು, ಕಾಫಿ ಕುಡಿಯುತ್ತ ಹೇಳಿದಳು:

"ಅತ್ತಿಗೆ, ಆ ಪೀಪಾಯಿ ಸಾಗಿಸೋ ಗೋಜು ಬಿಟ್ಬಿಡಿ. ಈ ವರ್ಷದಿಂದ ನಮ್ಮನೇಲಿ ಮಾಡೋಣ. ಹೇಗೂ ನಿಮ್ಮ ಹೊಸ ಮನೇಲಿ ಹನ್ನೊಂದು ಜನ ಕೂರಬೇಕಾದ್ರೆ ಆರು ಜನ ಗೋಡೆಗೆ ನೇತಾಡಬೇಕು."

"ಪೀಪಾಯಿ ಬರತ್ತೆ," ಎಂದಳು ಮಿಂಕಾ.

"ದಾರೀಲಿ ಕೆಟ್ಟುಹೋದ್ರೆ?"

"ಕೆಟ್ಟರೆ ನಾನೇ ನಿನ್ನ ಮನೆಗೆ ಬಂದು ಉಣ್ತೀನಿ. ಈ ವರ್ಷ ಮಾತ್ರ ಅಲ್ಲ, ಪ್ರತಿ ವರ್ಷ."

ಗಾನಾ ಕಾಫಿ ಬಟ್ಟಲು ಕೆಳಗಿಟ್ಟಳು. ಇಷ್ಟು ಸುಲಭವಾಗಿ ಸಿಗುತ್ತದೆಂದು ಅವಳೂ ಎಣಿಸಿರಲಿಲ್ಲ.

ಹೊರಡುವುದು ಗುರುವಾರವೆಂದು ಗೊತ್ತಾಯಿತು. ಸಾಮಾನು ಸಾಗಿಸುವ ರೈಚೊ ಹೊಸದಾಗಿ ವ್ಯಾನು ಕೊಂಡಿದ್ದ. ಹೆಂಡತಿಯನ್ನಾದರೂ ಬೂಟು ಬಿಚ್ಚಿಸಿಯೇ ಒಳಗೆ ಹತ್ತಿಸುತ್ತಿದ್ದ. ಕೋಸಿನ ನೀರು ಒಂದು ಹನಿ ಬಿದ್ದರೂ ಪೀಪಾಯಿಯನ್ನು ದಾರಿಯಲ್ಲೇ ಇಳಿಸಿಬಿಡುತ್ತೇನೆ ಎಂದು ಅವನು ಮೊದಲೇ ಕರಾರು ಹಾಕಿದ. ಒಂದು ಹನಿಯಲ್ಲ, ಒಂದು ವಾಸನೆಯೂ ಹೊರಬರುವುದಿಲ್ಲ ಎಂದಳು ಮಿಂಕಾ.

ಬುಧವಾರ ಅರ್ಧ ದಿನ ಅವಳು ಬೇರೇನೂ ಮಾಡಲಿಲ್ಲ. ಮುಚ್ಚಳದ ಸುತ್ತ ಮೇಣದ ಬಟ್ಟೆ, ಅದರ ಮೇಲೆ ಕಂಬಳಿ ತುಂಡು, ಅದರ ಮೇಲೆ ಪ್ಲಾಸ್ಟಿಕ್ಕು, ಮೇಲೆ ನಾಲ್ಕು ಸುತ್ತು ಟೇಪು, ಎಲ್ಲದರ ಮೇಲೆ ಹಗ್ಗ. ಕೊನೆಯ ಗಂಟು ಬಿಗಿದಾಗ ಒಳಗಿದ್ದದ್ದು ಕೋಸೋ ಈಜಿಪ್ಟಿನ ಫೇರೋ ದೊರೆಯೋ ಎಂದು ಅನುಮಾನ ಬರುವ ಹಾಗಿತ್ತು.

ಗುರುವಾರ ರೈಚೊ ಬರಲಿಲ್ಲ. ಹೊಸ ವ್ಯಾನು ಕೆಟ್ಟು ನಿಂತಿತ್ತಂತೆ; ಶನಿವಾರ ಬರುತ್ತೇನೆಂದು ಫೋನು ಮಾಡಿದ. ಪೀಪಾಯಿ ಅಡುಗೆಮನೆಯಲ್ಲಿ, ಒಲೆಯ ಪಕ್ಕದಲ್ಲೇ ಕೂತಿತ್ತು. ಬಾಲ್ಕನಿ ತುಂಬ ಪೆಟ್ಟಿಗೆಗಳಿದ್ದುದರಿಂದ ಬೇರೆ ಜಾಗವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೈಡೆನ್ ಅದರ ಮೇಲೆ ಕೈಯಿಟ್ಟು ನೋಡಿದ.

"ಮುದುಕಿ, ಇದು ಗುರ್ ಅಂತಿದೆ. ಒಂಚೂರು ಬಿಚ್ಚಿ ಉಸಿರು ಬಿಡಿಸೋಣ."

ಬಿಚ್ಚಬೇಕೆಂದು ಮಿಂಕಾಗೂ ಗೊತ್ತಿತ್ತು. ಕೋಸಿಗೆ ಗಾಳಿ ಬೇಕೆಂಬುದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಕಾರ್ಖಾನೆಯಲ್ಲಿ ಅವಳು ಕಲಿತ ಮೊದಲ ಪಾಠವೇ ಬೇರೆ. ಕಟ್ಟಿದವರು ಪೆಟ್ಟಿಗೆ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಕಟ್ಟಿದ್ದು ಸರಿಯಿರಲಿಲ್ಲವೆಂದು ಒಪ್ಪಿಕೊಂಡಂತೆ. ಮೂವತ್ತೊಂದು ವರ್ಷದಲ್ಲಿ ಒಂದು ಮೊಳೆಯನ್ನೂ ಅವಳು ವಾಪಸು ಕಿತ್ತವಳಲ್ಲ.

"ಹೊಸ ಮನೇಲಿ ಬಿಚ್ತೀನಿ," ಎಂದಳು. ನೈಡೆನ್ ಕೈ ತೆಗೆದ. ಅವಳ ದನಿಯಲ್ಲಿ ಮೊಳೆ ಹೊಡೆದದ್ದು ಅವನಿಗೂ ಕೇಳಿಸಿತು.

ಶನಿವಾರ ರೈಚೊ ಭಾವಮೈದುನನನ್ನು ಕರೆದುಕೊಂಡು ಬಂದ. ಪೆಟ್ಟಿಗೆಗಳೆಲ್ಲ ಇಳಿದವು. ಕೊನೆಯಲ್ಲಿ ಪೀಪಾಯಿ. ಇಬ್ಬರೂ ಎತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತಿದ್ದರೆ ಹಿಂದೆ ಮಿಂಕಾ. ಸಹಾಯ ಮಾಡಲು ಬಂದ ಗಾನಾ ನೆಲಮಹಡಿಯಲ್ಲಿ ನಿಂತು ಕುತ್ತಿಗೆ ಎತ್ತಿ ನೋಡುತ್ತಿದ್ದಳು. ಮೂರನೇ ಮಹಡಿ ದಾಟಿತು. ಎರಡನೇ ಮಹಡಿ ಇನ್ನು ನಾಲ್ಕೇ ಮೆಟ್ಟಿಲು ಎನ್ನುವಾಗ ರೈಚೊನ ಕಾಲು ಸ್ವಲ್ಪ ಜಾರಿ ಪೀಪಾಯಿ ಒಮ್ಮೆ ಕುಲುಕಿತು.

ಆಮೇಲಿನದನ್ನು ಊರಿನಲ್ಲಿ ಹತ್ತು ಜನ ಹತ್ತು ರೀತಿ ಹೇಳುತ್ತಾರೆ. ಮುಚ್ಚಳ ಚಾವಣಿಗೆ ಬಡಿದ ಗುರುತು ಈಗಲೂ ಇದೆ. ಸದ್ದಿಗೆ ನಿಲ್ದಾಣದಲ್ಲಿದ್ದ ರೈಲು ಇದೇ ಸೀಟಿಯೆಂದುಕೊಂಡು ಹನ್ನೆರಡು ನಿಮಿಷ ಮೊದಲೇ ಹೊರಟುಹೋಯಿತು. ಉಪ್ಪುನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುತ್ತ ಹರಿಯಿತು. ರೈಚೊ ತಲೆಯಿಂದ ಕಾಲಿನವರೆಗೆ ತೊಯ್ದುಹೋದ; ಆರು ತಿಂಗಳು ಅವನು ಹೋದಲ್ಲೆಲ್ಲ ಜನಕ್ಕೆ ಹಸಿವಾಗುತ್ತಿತ್ತು. ಒಂದು ಕೋಸು ಮಾತ್ರ ತಪ್ಪಿಸಿಕೊಂಡು, ಉರುಳುತ್ತ ಉರುಳುತ್ತ ಹೋಗಿ ಗಾನಾಳ ಬೂಟಿಗೆ ತಾಗಿ ನಿಂತಿತು.

ಗಾನಾ ಅದನ್ನು ಎತ್ತಿಕೊಂಡಳು. "ಹಾಗಾದ್ರೆ ನಮ್ಮನೇಲೇ ಅಂತ ಆಯ್ತು," ಎಂದಳು ಮೆಲ್ಲಗೆ. ಅವಳ ಜೀವನದಲ್ಲಿ ಮೆಲ್ಲಗೆ ಆಡಿದ ಮಾತು ಅದೊಂದೇ.

ಮಿಂಕಾ ಒದ್ದೆ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಉಳಿದ ಕೋಸುಗಳೆಲ್ಲ ಪೀಪಾಯಿಯ ಒಳಗೇ ಇದ್ದವು, ಆದರೆ ನೀರಿಲ್ಲದ ಕೋಸು ಎರಡು ದಿನವೂ ಬಾಳುವುದಿಲ್ಲ. ಹೊಸ ಉಪ್ಪುನೀರು ಕಲಸಿ ಹುಳಿ ಹತ್ತಿಸಲು ಕ್ರಿಸ್‌ಮಸ್ ಕಾಯುವುದಿಲ್ಲ. ತಾನು ಮೊಳೆ ಹೊಡೆದು ಕಳಿಸಿದ ಸಾವಿರಾರು ಪೆಟ್ಟಿಗೆಗಳು ಅವಳಿಗೆ ನೆನಪಾದವು. ಬಿಗಿಯಾಗಿ ಕಟ್ಟುವುದೊಂದೇ ವಿದ್ಯೆ ಎಂದುಕೊಂಡಿದ್ದಳು. ಬಟ್ಟಲುಗಳಿಗೆ ಅದು ಸರಿ, ಅವು ಉಸಿರಾಡುವುದಿಲ್ಲ. ಉಸಿರಾಡುವುದನ್ನು ಕಟ್ಟಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಆಗ ಎರಡನೇ ಮಹಡಿಯ ಬಾಗಿಲು ತೆರೆಯಿತು. ಅಲ್ಲಿದ್ದವಳು ವೆಲಿಕಾ. ಒಣಹಾಕಿದ ಬಟ್ಟೆಯ ನೀರು ತನ್ನ ಬಾಲ್ಕನಿಗೆ ತೊಟ್ಟಿಕ್ಕಿತೆಂದು ಆರು ವರ್ಷದಿಂದ ಮಿಂಕಾಳ ಜೊತೆ ಮಾತು ಬಿಟ್ಟವಳು. ಈಗ ಅವಳ ಹೊಸ್ತಿಲೊಳಗೇ ಕೋಸಿನ ನೀರು ಹೊಕ್ಕಿತ್ತು. ವೆಲಿಕಾ ನೀರು ನೋಡಿದಳು, ಪೀಪಾಯಿ ನೋಡಿದಳು, ಮಿಂಕಾಳನ್ನು ನೋಡಿದಳು, ಒಳಗೆ ಹೋದಳು. ನೆಲ ಒರೆಸುವ ಬಟ್ಟೆ ತಂದು ಮುಖಕ್ಕೆ ಎಸೆಯುತ್ತಾಳೆಂದು ಮಿಂಕಾ ಕಾಯುತ್ತ ಕೂತಳು.

ವೆಲಿಕಾ ತಂದದ್ದು ದೊಡ್ಡ ಹೂಜಿ, ತುಂಬ ತನ್ನ ಪೀಪಾಯಿಯ ನೀರು.

"ನಾನು ಬೀಟ್‌ರೂಟ್ ಹಾಕಿದ್ದೀನಿ," ಎಂದಳು, ಗೋಡೆಗೆ ಹೇಳುವವಳ ಹಾಗೆ. "ಕೆಂಪಗಾಗತ್ತೆ. ಬೇಡ ಅಂದ್ರೆ ಈಗಲೇ ಹೇಳು."

"ಹಾಕು," ಎಂದಳು ಮಿಂಕಾ. ಸ್ವಲ್ಪ ತಡೆದು, "ಆ ಬಟ್ಟೆ ಹಿಂಡಿಯೇ ಒಣಹಾಕ್ತಿದ್ದೆ ಕಣೇ."

"ಹಿಂಡ್ತಿರಲಿಲ್ಲ," ಎನ್ನುತ್ತ ವೆಲಿಕಾ ಹೂಜಿ ಬಗ್ಗಿಸಿದಳು.

ಅಷ್ಟರಲ್ಲಿ ಸದ್ದು ಕೇಳಿ ಬಾಗಿಲುಗಳೆಲ್ಲ ತೆರೆದಿದ್ದವು. ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರೂ ಒಳಹೋಗಿ ತಂತಮ್ಮ ಪೀಪಾಯಿಯಿಂದ ಒಂದೊಂದು ಪಾತ್ರೆ ಬಸಿದು ತಂದರು. ಒಬ್ಬರದರಲ್ಲಿ ಮೂಲಂಗಿಯ ಖಾರ, ಒಬ್ಬರದರಲ್ಲಿ ಜೋಳದ ಕಾಳು, ಒಬ್ಬರದು ಬಾಯಿಗಿಟ್ಟರೆ ಕಣ್ಣೀರು ಬರುವಷ್ಟು ಉಪ್ಪು. ಹದಿಮೂರು ಮನೆಯ ನೀರು ಸೇರಿ ಪೀಪಾಯಿ ಕಂಠಮಟ್ಟ ತುಂಬಿತು. ಕೊನೆಗೆ ಮಿಂಕಾ ಕೆಳಗಿಳಿದು ಹೋಗಿ, ಗಾನಾಳ ಕೈಯಿಂದ ಆ ಒಂದು ಕೋಸನ್ನೂ ಇಸಿದುಕೊಂಡು ಬಂದು ತೊಳೆದು ಒಳಗೆ ಹಾಕಿದಳು.

ಮುಚ್ಚಳವನ್ನು ಮತ್ತೆ ಬಿಗಿಯಲಿಲ್ಲ, ಮೇಲೊಂದು ತೆಳು ಬಟ್ಟೆ ಹೊದಿಸಿದಳು ಅಷ್ಟೆ. ರೈಚೊಗೆ ಜಗಳವಾಡಲು ಬಾಯಿರಲಿಲ್ಲ, ಹನಿ ಬೀಳಿಸುತ್ತಿದ್ದವನು ಈಗ ಅವನೇ. ಮಿಂಕಾ ವ್ಯಾನಿನ ಹಿಂಭಾಗದಲ್ಲಿ ಪೀಪಾಯಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತು, ಹಳೆಯ ಕಟ್ಟಡ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು.

ಕ್ರಿಸ್‌ಮಸ್ ಹಿಂದಿನ ಸಂಜೆ ಹನ್ನೊಂದು ಜನರೂ ರೈಲ್ವೆ ನಿಲ್ದಾಣದ ಹತ್ತಿರದ ಆ ಪುಟ್ಟ ಕೋಣೆಗೆ ಬಂದರು. ಆ ಊಟದ ನಡುವೆ ಮನೆಯೊಡತಿ ಬಿಟ್ಟರೆ ಯಾರೂ ಎದ್ದೇಳುವಂತಿಲ್ಲ, ಹಾಗಾಗಿ ಕೂರಿಸುವಾಗಲೇ ಸರಿಯಾಗಿ ಕೂರಿಸಬೇಕು. ಮಿಂಕಾ ಒಬ್ಬೊಬ್ಬರನ್ನೇ ಭುಜ ಹಿಡಿದು ತಂದಳು. ಇಬ್ಬರು ದಪ್ಪನೆಯವರ ನಡುವೆ ಒಬ್ಬ ಸಣಕಲ, ಎಡಗೈಯವರು ಮೂಲೆಗೆ, ಮೇಜಿನ ಕೆಳಗೆ ಮಂಡಿಗಳು ಒಂದು ಬಿಟ್ಟು ಒಂದು. ಎಲ್ಲರೂ ಹಿಡಿಸಿದರು. ಉಸಿರಾಡಲು ಜಾಗವೂ ಉಳಿಯಿತು.

ಸರ್ಮಿ ಬಂತು, ತಿಳಿ ಗುಲಾಬಿ ಬಣ್ಣದ್ದು. ಗಾನಾ ಮೂರನೇ ಸಲ ತಟ್ಟೆ ಚಾಚಿ, ತುಂಬಿಸಿಕೊಂಡ ಮೇಲೆ ಬಾಯಿ ಬಿಟ್ಟಳು:

"ರುಚಿ ಏನೋ ಇದೆ ಅತ್ತಿಗೆ, ಇಲ್ಲ ಅನ್ನಲ್ಲ. ಆದ್ರೆ ನಾನು ಕಟ್ಟಿದ್ದು ಒಂದೂ ಒಡೆಯೋದಿಲ್ಲ ಅಂತ ಇಷ್ಟು ವರ್ಷ ಕೊಚ್ಚಿಕೊಂಡ್ರಲ್ಲ, ಇನ್ಮೇಲೆ ಹಾಗೆ ಹೇಳೋಹಾಗಿಲ್ಲ."

"ಹೇಳಲ್ಲಮ್ಮ," ಎಂದಳು ಮಿಂಕಾ. "ಒಳಗೆ ಅಷ್ಟೊಂದು ಗಾಳಿ ತುಂಬಿಕೊಂಡಿರೋದನ್ನ ಬಿಗಿಯಾಗಿ ಇಡಬಾರದು ಅಂತ ಬುದ್ಧಿ ಬಂತು. ಮತ್ತೆ ನಿನ್ನನ್ನ ಕಿಟಕಿ ಪಕ್ಕ ಕೂರಿಸಿರೋದು ಯಾಕೆ ಅಂದ್ಕೊಂಡೆ?"